ತಟ್ಟೆಗೆ ಲಕ್ಷ ಪೌಂಡು, ಹಾಡಿದವರ ಪಾಲೆಷ್ಟು?

2020ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಗ್ರಾಮಫೋನ್ ತಟ್ಟೆ 1 ಲಕ್ಷ ಪೌಂಡಿಗೆ ಮಾರಾಟವಾಯಿತು. ಆಗಿನ ವಿನಿಮಯ ದರದಲ್ಲಿ ಅದು ಹೆಚ್ಚುಕಡಿಮೆ 1 ಕೋಟಿ ರೂಪಾಯಿ. ಏಳು ಅಂಗುಲ ಅಗಲದ, ಮಗ್ಗುಲಿಗೆ ಒಂದೇ ಹಾಡಿರುವ, ನಿಮಿಷಕ್ಕೆ 45 ಸುತ್ತು ತಿರುಗುವ ಪುಟ್ಟ ತಟ್ಟೆ ಅದು. 'ಡು ಐ ಲವ್ ಯೂ' ಎಂದು ಆರಂಭವಾಗುವ ಶೀರ್ಷಿಕೆಯ ಆ ಹಾಡನ್ನು ಹಾಡಿದವರು ಫ್ರಾಂಕ್ ವಿಲ್ಸನ್. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯು 'ಸೋಲ್' ಎಂಬ ತನ್ನ ಉಪಲೇಬಲ್ಲಿನಲ್ಲಿ 1965ರ ಕೊನೆಗೆ ಹೊರತರಬೇಕೆಂದಿದ್ದ ಹಾಡು. ವಿಲ್ಸನ್ 2012ರಲ್ಲಿಯೇ ತೀರಿಕೊಂಡಿದ್ದರು. ಇದೇ ಹಾಡಿನ ಪ್ರತಿ 2009ರಲ್ಲಿ 25 ಸಾವಿರ ಪೌಂಡಿಗೂ ಮಿಕ್ಕ ಬೆಲೆಗೆ ಹೋದಾಗ ಅವರು ಬದುಕಿದ್ದರು. ಆ ಮಾರಾಟದ ಹಣದಲ್ಲಿ ಒಂದು ಪೈಸೆಯೂ ಅವರಿಗೆ ಸಲ್ಲಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ.

ಸುದ್ದಿ ಓದಿದವರು ಸಾಮಾನ್ಯವಾಗಿ ಮೂಗಿನ ಮೇಲೆ ಬೆರಳಿಡುತ್ತಾರೆ. ಒಂದು ತಟ್ಟೆಗೆ ಇಷ್ಟೊಂದು ಹಣವೇ ಎಂದು ಕೇಳುತ್ತಾರೆ. ನನಗೆ ಆ ಅಚ್ಚರಿ ಆಗಲಿಲ್ಲ. ನಲವತ್ತು ವರ್ಷಗಳಿಂದ ನಾನೂ ಇಂಥ ತಟ್ಟೆಗಳನ್ನು ಸಂಗ್ರಹಿಸಿಕೊಂಡು ಬಂದವನು. ಈ ಗೀಳಿನ ಒಳಹೊರಗು ಸ್ವಲ್ಪ ಬಲ್ಲವನು. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಹಾಡಿದವರನ್ನು ಸಂಪೂರ್ಣವಾಗಿ ಹೊರಗಿಟ್ಟು, ಅವರ ಸೋಲನ್ನೇ ಸರಕಾಗಿಸಿಕೊಂಡ ಈ ಸಂಗ್ರಹದ ಲೋಕ ನ್ಯಾಯಬದ್ಧವೇ? ಅದರೊಳಗಿರುವ ನನ್ನಂಥವನ ಹೊಣೆ ಏನು?

'ಸೋಲ್' ಎಂದರೆ ಇಂಗ್ಲಿಷಿನಲ್ಲಿ ಆತ್ಮ. ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಗಾಯನವೂ ಅವರ ಬೀದಿಯ, ಬಿಡುವಿನ ಹಾಡುಗಳೂ ಬೆರೆತು 1950ರ ದಶಕದ ಕೊನೆಯಿಂದೀಚೆಗೆ ರೂಪುಗೊಂಡ ಸಂಗೀತ ಅದು. ಕನ್ನಡದ ಕಿವಿಗೆ ಆ ಹೆಸರು 'ಸೋಲು' ಎಂದು ಕೇಳಿಸಿದರೆ ತಪ್ಪಿಲ್ಲ. ಸಂಗ್ರಾಹಕರು ಬೆನ್ನಟ್ಟುವುದು ಈ ಸಂಗೀತದ ಗೆದ್ದ ಹಾಡುಗಳನ್ನಲ್ಲ, ಸೋತ ಹಾಡುಗಳನ್ನು. ಗೆದ್ದ ಹಾಡಿನ ತಟ್ಟೆಗಳು ಲಕ್ಷಗಟ್ಟಲೆ ಅಚ್ಚಾಗಿರುತ್ತವೆ; ಆದ್ದರಿಂದ ಅವಕ್ಕೆ ಬೆಲೆಯಿಲ್ಲ. ಬಿಡುಗಡೆಯ ವಾರದಲ್ಲೇ ಸತ್ತುಹೋದ, ಕೆಲವೇ ನೂರು ಪ್ರತಿಗಳು ಅಚ್ಚಾಗಿ ಅವುಗಳಲ್ಲೂ ಬಹುಪಾಲು ಕಸಕ್ಕೆ ಸೇರಿದ ಹಾಡಿಗೇ ಬೆಲೆ.

ಇಷ್ಟೊಂದು ಹಾಡುಗಳು ಸೋತದ್ದು ಹೇಗೆಂಬುದನ್ನು ತಿಳಿಯಲು ಆ ಕಾಲದ ವ್ಯಾಪಾರವನ್ನು ನೋಡಬೇಕು. 45 ಸುತ್ತಿನ ತಟ್ಟೆಯನ್ನು ಆರ್‌ಸಿಎ ಕಂಪನಿ 1949ರಲ್ಲಿ ಮಾರುಕಟ್ಟೆಗೆ ತಂದಿತು. ಅದು ಅಗ್ಗ, ಹಗುರ, ಸುಲಭವಾಗಿ ಒಡೆಯದಂಥದ್ದು. ಸ್ವಲ್ಪ ಹಣ ಹೊಂದಿಸಿಕೊಂಡವನು ಸ್ಟುಡಿಯೊ ಒಂದನ್ನು ಬಾಡಿಗೆಗೆ ಹಿಡಿದು, ನೆರೆಹೊರೆಯ ಹುಡುಗ ಹುಡುಗಿಯರಿಂದ ಹಾಡಿಸಿ, ಐನೂರೋ ಸಾವಿರವೋ ಪ್ರತಿ ಅಚ್ಚು ಹಾಕಿಸಿ ತನ್ನದೇ ಲೇಬಲ್ ಅಂಟಿಸಿ ಕಂಪನಿಯ ಮಾಲೀಕನಾಗಬಹುದಿತ್ತು. ಮೋಟೌನ್ ಕೂಡ ಹುಟ್ಟಿದ್ದು ಹೀಗೆಯೇ. ಬೆರಿ ಗಾರ್ಡಿ 1959ರಲ್ಲಿ ತನ್ನ ಕುಟುಂಬದವರಿಂದ 800 ಡಾಲರ್ ಸಾಲ ಪಡೆದು ಅದನ್ನು ಆರಂಭಿಸಿದರು. ಅವರು ಗೆದ್ದರು. ಅವರನ್ನು ಕಂಡು ಡೆಟ್ರಾಯಿಟ್, ಷಿಕಾಗೊ, ಲಾಸ್ ಏಂಜಲೀಸ್, ಫಿಲಡೆಲ್ಫಿಯ, ವಾಷಿಂಗ್ಟನ್ ನಗರಗಳಲ್ಲಿ ನೂರಾರು ಜನ ಅದೇ ದಾರಿ ಹಿಡಿದರು. ಹಾಡು ಸ್ಥಳೀಯ ರೇಡಿಯೊದಲ್ಲಿ ಬಂದರೆ ಊರಿನಲ್ಲಿ ಒಂದಿಷ್ಟು ಮಾರಾಟ. ಅಲ್ಲಿಂದ ದೊಡ್ಡ ಕಂಪನಿಯ ಕಣ್ಣಿಗೆ ಬಿದ್ದರೆ ಅದೃಷ್ಟ. ಇಲ್ಲವಾದರೆ ಉಳಿದ ಪೆಟ್ಟಿಗೆಗಳು ವಿತರಕನ ಗೋದಾಮಿನ ಮೂಲೆಗೆ. ಹಾಡಿದವರು ಮರಳಿ ಕಾರು ಕಾರ್ಖಾನೆಗೆ, ಆಸ್ಪತ್ರೆಗೆ, ಅಂಚೆ ಕಚೇರಿಗೆ.

ಹಾಡು ಚೆನ್ನಾಗಿರಲಿಲ್ಲ ಎಂಬುದು ಈ ಸೋಲಿನ ಕಾರಣವಾಗಿರಲಿಲ್ಲ. ಡೆಟ್ರಾಯಿಟಿನ ರಿಕ್–ಟಿಕ್ ಎಂಬ ಲೇಬಲ್ಲನ್ನೇ ನೋಡಿ. ಎಡ್ ವಿಂಗೇಟ್ ಎಂಬ ಉದ್ಯಮಿ ಅದರ ಒಡೆಯರಲ್ಲಿ ಒಬ್ಬರು. ಮೋಟೌನ್‌ನ ಸಂಬಳದ ವಾದ್ಯಗಾರರೇ ಕದ್ದುಮುಚ್ಚಿ ಬಂದು ಅಲ್ಲಿ ನುಡಿಸಿ ಹೋಗುತ್ತಿದ್ದರು. ಅಂದರೆ ಎರಡೂ ಕಡೆ ನುಡಿಯುತ್ತಿದ್ದದ್ದು ಅವೇ ಕೈಗಳು. ಇಲ್ಲದಿದ್ದದ್ದು ವಿತರಣೆಯ ಬಲ. ಎಡ್ವಿನ್ ಸ್ಟಾರ್ 1965ರಲ್ಲಿ ಹೆಸರು ಮಾಡಿದ್ದು ಈ ರಿಕ್–ಟಿಕ್ ಮೂಲಕವೇ. 1966ರಲ್ಲಿ ಅದರ ಸೋದರ ಸಂಸ್ಥೆ ಗೋಲ್ಡನ್ ವರ್ಲ್ಡ್ ಮತ್ತು ಅದರ ಸ್ಟುಡಿಯೊವನ್ನು, 1968ರಲ್ಲಿ ಉಳಿದ ರಿಕ್–ಟಿಕ್ಕನ್ನು ಮೋಟೌನ್ ಕೊಂಡುಕೊಂಡಿತು. ವಾಷಿಂಗ್ಟನ್ನಿನ ಶ್ರೈನ್ ಲೇಬಲ್ಲಿನ ಕಥೆ ಇನ್ನೂ ಕಷ್ಟದ್ದು. ಬೆರಿ ಗಾರ್ಡಿಯವರ ಮಾಜಿ ಪತ್ನಿ, ಮೋಟೌನನ್ನು ಕಟ್ಟುವಲ್ಲಿ ಹೆಗಲು ಕೊಟ್ಟ ರೇನೋಮಾ ಮತ್ತು ಎಡ್ಡಿ ಸಿಂಗಲ್ಟನ್ 1960ರ ದಶಕದ ನಡುವೆ ಅದನ್ನು ಕಟ್ಟಿದರು. ಇಪ್ಪತ್ತರಷ್ಟು ತಟ್ಟೆಗಳನ್ನು ಹೊರತರುವಷ್ಟರಲ್ಲಿ ಅದು ಮುಚ್ಚಿತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ 1968ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ಹೊತ್ತಿ ಉರಿದಾಗ ಗೋದಾಮಿನಲ್ಲಿ ಉಳಿದಿದ್ದ ದಾಸ್ತಾನೂ ಬೂದಿಯಾಯಿತೆಂಬುದು ಸಂಗ್ರಾಹಕರಲ್ಲಿ ಬಾಯಿಂದ ಬಾಯಿಗೆ ಬಂದಿರುವ ಮಾತು. ಇಂದು ಶ್ರೈನ್ ತಟ್ಟೆ ಕಂಡರೆ ಸಂಗ್ರಾಹಕರ ಕೈ ನಡುಗುತ್ತದೆ.

ಈ ಸೋತ ತಟ್ಟೆಗಳು ಬೆಲೆ ಪಡೆದದ್ದು ಅಮೆರಿಕದಲ್ಲಲ್ಲ, ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಊರುಗಳಲ್ಲಿ. ನಾನು ಅವನ್ನು ಮೊದಲು ಕೇಳಿದ್ದೂ ಅಲ್ಲಿಯೇ. ನನ್ನ ಊರು ದಾವಣಗೆರೆ. ಅಪ್ಪ ಹತ್ತಿ ಗಿರಣಿಯ ನೂಲುವ ವಿಭಾಗದಲ್ಲಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿಸಿಕೊಂಡ ಊರಿನಿಂದ ನಿಜವಾದ ಮ್ಯಾಂಚೆಸ್ಟರಿಗೆ ಜವಳಿ ತಂತ್ರಜ್ಞಾನ ಓದಲು 1979ರಲ್ಲಿ ಹೋದೆ. ಹೋಗಿ ನೋಡಿದರೆ ಅಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಎತ್ತರದ ಚಿಮಣಿಗಳಲ್ಲಿ ಹೊಗೆಯಿರಲಿಲ್ಲ. ನಾನು ಕಲಿಯಲು ಬಂದ ಕಸುಬೇ ಅಲ್ಲಿ ಕೊನೆಯುಸಿರೆಳೆಯುತ್ತಿತ್ತು. ಕೆಲವೇ ವರ್ಷಗಳಲ್ಲಿ ದಾವಣಗೆರೆಯಲ್ಲೂ ಅದೇ ನಡೆಯಲಿದೆ ಎಂಬ ಕಲ್ಪನೆ ಆಗ ನನಗಿರಲಿಲ್ಲ.

ನಾನು ಬಾಡಿಗೆಗಿದ್ದ ಮನೆಯ ಮಹಡಿಯಲ್ಲಿ ಗಿರಣಿ ಕಾರ್ಮಿಕ ಹುಡುಗನೊಬ್ಬನಿದ್ದ. ಒಂದು ಶನಿವಾರ ರಾತ್ರಿ ಅವನು ನನ್ನನ್ನು ವಿಗನ್ ಊರಿಗೆ ಕರೆದೊಯ್ದ. ಅಲ್ಲಿನ ರೈಲು ನಿಲ್ದಾಣದ ಬಳಿ ಹಳೆಯ ನೃತ್ಯಶಾಲೆಯೊಂದಿತ್ತು. ಹೆಸರು ವಿಗನ್ ಕಸೀನೊ. ಹೆಸರು ಕೇಳಿ ಜೂಜಿನ ಅಡ್ಡೆಯೆಂದು ನಾನು ಹಿಂಜರಿದಿದ್ದೆ. ಒಳಗೆ ಜೂಜೂ ಇರಲಿಲ್ಲ, ಮದ್ಯವೂ ಇರಲಿಲ್ಲ. 1973ರ ಸೆಪ್ಟೆಂಬರ್‌ನಿಂದ ಅಲ್ಲಿ ಪ್ರತಿ ಶನಿವಾರ ನಡುರಾತ್ರಿ ಕಳೆದ ಮೇಲೆ ಆರಂಭವಾಗಿ ಭಾನುವಾರ ಬೆಳಗಿನ ಎಂಟಕ್ಕೆ ಮುಗಿಯುವ ನೃತ್ಯ ನಡೆಯುತ್ತಿತ್ತು. ಮರದ ನೆಲದ ಮೇಲೆ ಪೌಡರ್ ಚೆಲ್ಲಿ ಹುಡುಗರು ಜಾರುತ್ತ, ಗಿರಗಿರನೆ ತಿರುಗುತ್ತ, ನೆಲಕ್ಕೆ ಬಿದ್ದು ಪುಟಿದೇಳುತ್ತ ಬೆಳಗಿನತನಕ ಕುಣಿಯುತ್ತಿದ್ದರು. ಬೆವರಿನ ಹಬೆ ಛಾವಣಿಗೇರಿ ಹನಿಯಾಗಿ ತೊಟ್ಟಿಕ್ಕುತ್ತಿತ್ತು. ಕುಣಿಯುತ್ತಿದ್ದವರು ಬಹುತೇಕ ಬಿಳಿಯ ಕಾರ್ಮಿಕರ ಮಕ್ಕಳು. ಅವರನ್ನು ಕುಣಿಸುತ್ತಿದ್ದದ್ದು ಹದಿನೈದು ವರ್ಷಗಳ ಹಿಂದೆ ಅಮೆರಿಕದಲ್ಲಿ ಯಾರೂ ಕೇಳದೆ ಬಿಟ್ಟ ಕಪ್ಪು ಗಾಯಕರ ದನಿ.

ಈ ಒಲವಿಗೆ 'ನಾರ್ದರ್ನ್ ಸೋಲ್', ಅಂದರೆ ಉತ್ತರದವರ ಸೋಲ್ ಎಂಬ ಹೆಸರಿದೆ. ಲಂಡನ್ನಿನಲ್ಲಿ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಬರಹಗಾರ ಡೇವ್ ಗೊಡಿನ್ 1970ರಲ್ಲಿ 'ಬ್ಲೂಸ್ ಅಂಡ್ ಸೋಲ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಬಳಸಿ ಬಳಕೆಗೆ ತಂದ ಹೆಸರು ಅದು. ಉತ್ತರದಿಂದ ಫುಟ್‌ಬಾಲ್ ನೋಡಲು ಬರುವ ಹುಡುಗರು ಹೊಸ ಹಾಡುಗಳನ್ನು ಬಿಟ್ಟು 1960ರ ದಶಕದ ವೇಗದ ತಾಳದ ಹಳೆಯ ಹಾಡುಗಳನ್ನೇ ಕೇಳುತ್ತಿದ್ದುದನ್ನು ಅವರು ಗಮನಿಸಿದ್ದರು. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಸ್ಟೋಕ್ ಬಳಿಯ ಗೋಲ್ಡನ್ ಟಾರ್ಚ್, ಬ್ಲ್ಯಾಕ್‌ಪೂಲಿನ ಮೆಕ್ಕಾ, ಅನಂತರ ವಿಗನ್ — ಈ ತಾಣಗಳಲ್ಲಿ ಒಲವು ಒಂದು ಪಂಥದಂತೆ ಬೆಳೆಯಿತು. ವಾರಕ್ಕೆ ಐದು ದಿನ ಯಂತ್ರದ ಮುಂದೆ ನಿಂತವನಿಗೆ ಆ ಒಂದು ರಾತ್ರಿ ತನ್ನ ಮೈಯ ಒಡೆತನವನ್ನು ಮರಳಿ ಕೊಡುತ್ತಿತ್ತೆಂದು ನಾನು ನಂಬಿದ್ದೇನೆ. ಡೆಟ್ರಾಯಿಟಿನ ಕಾರು ಕಾರ್ಖಾನೆಯ ಊರಿನಲ್ಲಿ ಹುಟ್ಟಿದ ತಾಳ ಲ್ಯಾಂಕಷೈರಿನ ಗಿರಣಿಯವನ ಕಾಲಿಗೆ ಹೊಂದಿದ್ದರಲ್ಲಿ ಆಶ್ಚರ್ಯವಿಲ್ಲ. ಗಿರಣಿಯವನ ಮಗನಾದ ನನ್ನ ಕಾಲಿಗೂ ಅದು ಹೊಂದಿತು.

ಹೊಸ ಹಾಡು ಬೇಕು, ಆದರೆ ಅದು ಹಳೆಯದೇ ಆಗಿರಬೇಕು ಎಂಬ ವಿಚಿತ್ರ ಹಸಿವೇ ಸಂಗ್ರಾಹಕರನ್ನು ಹುಟ್ಟಿಸಿತು. ಹೊಸದಾಗಿ ಯಾರೂ ಮಾಡದ ಸಂಗೀತವನ್ನು ಹಳೆಯ ಗೋದಾಮುಗಳಲ್ಲಿ ಅಗೆದೇ ತೆಗೆಯಬೇಕಿತ್ತು. ಬ್ಲ್ಯಾಕ್‌ಪೂಲ್ ಮೆಕ್ಕಾದಲ್ಲಿ ಹಾಡು ನುಡಿಸುತ್ತಿದ್ದ ಇಯಾನ್ ಲೆವಿನ್ ಕುಟುಂಬದೊಡನೆ ಮಯಾಮಿಗೆ ರಜೆಗೆ ಹೋದಾಗ ಸಾವಿರಾರು ತಟ್ಟೆಗಳನ್ನು ಕೊಂಡು ತಂದರು. ಇನ್ನೂ ಹಲವರು ಅಮೆರಿಕದ ಊರೂರು ಸುತ್ತಿ ಮುಚ್ಚಿದ ಅಂಗಡಿಗಳ ನೆಲಮಾಳಿಗೆಗಳಲ್ಲಿ ಧೂಳು ಕುಡಿದು ಬಂದರು. ಆ ಕಾಲದ ಅಮೆರಿಕದ ಎಷ್ಟೋ ಸಿಂಗಲ್‌ಗಳು ವಿನೈಲ್ ಕೂಡ ಅಲ್ಲ. ಪಾಲಿಸ್ಟೈರೀನ್ ಎಂಬ ಅಗ್ಗದ ಪ್ಲಾಸ್ಟಿಕ್. ಮುಳ್ಳಿನ ಭಾರಕ್ಕೇ ಸವೆದು ಕೆಲವು ಸಲ ನುಡಿಸುವಷ್ಟರಲ್ಲಿ ಕರಕರ ಎನ್ನತೊಡಗುತ್ತವೆ. ಈ ಜನ ಆ ಹೊತ್ತಿನಲ್ಲಿ ಹೋಗಿ ಎತ್ತಿ ತಾರದಿದ್ದರೆ ಆ ಸಂಗೀತದ ದೊಡ್ಡ ಭಾಗ ಇಂದು ಇರುತ್ತಿರಲಿಲ್ಲ. ದೊಡ್ಡ ಕಂಪನಿಗಳಾಗಲಿ, ವಿಶ್ವವಿದ್ಯಾಲಯಗಳಾಗಲಿ ಆಗ ಅವುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಸಂಗ್ರಾಹಕರಿಗೆ ಸಲ್ಲಬೇಕಾದ ಈ ಗೌರವವನ್ನು ನಾನು ಕಡಿಮೆ ಮಾಡಲಾರೆ.

ಆದರೆ ಉಳಿಸಿದ ಕೈಯೇ ಮುಚ್ಚಿಟ್ಟಿತು ಎಂಬುದನ್ನೂ ಹೇಳಬೇಕು. ಅಪರೂಪದ ಹಾಡು ಸಿಕ್ಕವನು ಅದರ ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಗಾಯಕರ ಹೆಸರನ್ನೂ ಹಾಡಿನ ಹೆಸರನ್ನೂ ಬದಲಿಸಿ ನುಡಿಸುತ್ತಿದ್ದ. ಪ್ರತಿಸ್ಪರ್ಧಿಗೆ ಗುಟ್ಟು ಗೊತ್ತಾಗಬಾರದು, ಕಳ್ಳಮುದ್ರಣದವರ ಕೈಗೆ ಸಿಗಬಾರದು ಎಂಬುದು ಕಾರಣ. ಲಕ್ಷ ಪೌಂಡಿನ ಹಾಡನ್ನೇ ನೋಡಿ. ವಿಲ್ಸನ್ ಗಾಯಕರಾಗುವ ಬದಲು ಹಾಡು ಕಟ್ಟುವ, ನಿರ್ಮಿಸುವ ಕೆಲಸದಲ್ಲೇ ಉಳಿದದ್ದರಿಂದ ಮೋಟೌನ್ ಆ ತಟ್ಟೆಯ ಬಿಡುಗಡೆಯನ್ನು ಕೈಬಿಟ್ಟಿತ್ತು. ಪ್ರಚಾರಕ್ಕೆಂದು ಅಚ್ಚಾದ ಪ್ರತಿಗಳಲ್ಲಿ ಬೆರಳೆಣಿಕೆಯವು ಮಾತ್ರ ಉಳಿದವು. ಅವುಗಳಲ್ಲೊಂದು ಇಂಗ್ಲೆಂಡಿಗೆ ಬಂದಾಗ ಜನ ಅದಕ್ಕೆ ಕುಣಿದದ್ದು ಎಡ್ಡಿ ಫಾಸ್ಟರ್ ಎಂಬ ಬೇರೊಬ್ಬ ಗಾಯಕನ ಹೆಸರಿನಲ್ಲಿ. ಅಮೆರಿಕದ ಮಾರುಕಟ್ಟೆ ಒಮ್ಮೆ ಅಳಿಸಿದ ಹೆಸರನ್ನು ಅಭಿಮಾನಿಗಳು ಎರಡನೆಯ ಸಲ ಅಳಿಸಿದ್ದರು. 1979ರಲ್ಲಿ ಇಂಗ್ಲೆಂಡಿನಲ್ಲಿ ಅದು ಅಧಿಕೃತವಾಗಿ ಬಿಡುಗಡೆಯಾದ ಮೇಲೆ ಎಲ್ಲರೂ ಕೊಳ್ಳುವಂತಾಯಿತು. 1981ರ ಡಿಸೆಂಬರ್‌ನಲ್ಲಿ ವಿಗನ್ ಕಸೀನೊ ಶಾಶ್ವತವಾಗಿ ಮುಚ್ಚಿದಾಗ ಅಲ್ಲಿ ಕೊನೆಯದಾಗಿ ನುಡಿದದ್ದೂ ಅದೇ ಹಾಡು. ಮುಂದೆ ಆ ಕಟ್ಟಡವನ್ನೂ ಕೆಡವಲಾಯಿತು.

ಇನ್ನೊಂದು ಹೆಸರು ಡೀನ್ ಪ್ಯಾರಿಷ್. ನ್ಯೂಯಾರ್ಕಿನ ಈ ಗಾಯಕರ 1967ರ ಸಿಂಗಲ್ ಒಂದು ವಿಗನ್‌ನಲ್ಲಿ ಪ್ರತಿ ಭಾನುವಾರ ಬೆಳಗಿನ ಎಂಟಕ್ಕೆ ಮುನ್ನ ನುಡಿಸುವ ಮೂರು ಹಾಡುಗಳಲ್ಲಿ ಕೊನೆಯದಾಗಿತ್ತು. ಸಾವಿರಾರು ಹುಡುಗರು ಅದನ್ನು ಮಂಗಳಾರತಿಯಂತೆ ಕೇಳಿ ಮನೆಗೆ ಹೋಗುತ್ತಿದ್ದರು. 1975ರಲ್ಲಿ ಇಂಗ್ಲೆಂಡಿನಲ್ಲಿ ಅದು ಮರುಬಿಡುಗಡೆಯಾಗಿ ಚೆನ್ನಾಗಿ ಮಾರಾಟವೂ ಆಯಿತು. ಅಟ್ಲಾಂಟಿಕ್‌ನ ಆಚೆ ದಡದಲ್ಲಿದ್ದ ಗಾಯಕರಿಗೆ ತಾವು ಇಂಗ್ಲೆಂಡಿನಲ್ಲಿ ಇಷ್ಟು ಪ್ರಸಿದ್ಧರೆಂಬ ಸಂಗತಿ ತಿಳಿದದ್ದು ಈ ಶತಮಾನದ ಆರಂಭದಲ್ಲಿ. ಮಧ್ಯದ ಇಪ್ಪತ್ತೈದು ವರ್ಷ ಯಾರೂ ಅವರನ್ನು ಹುಡುಕಿರಲಿಲ್ಲ. ಅವರ ತಟ್ಟೆಯನ್ನು ಹುಡುಕಿದವರಿಗೆ ಮಾತ್ರ ಲೆಕ್ಕವಿರಲಿಲ್ಲ.

ಈಗ ನನ್ನ ಕಥೆ ಹೇಳಬೇಕು. 1980ರ ಚಳಿಗಾಲದಲ್ಲಿ ಸಂತೆಯ ಮಳಿಗೆಯೊಂದರಲ್ಲಿ ಡೆಟ್ರಾಯಿಟಿನ ಸಣ್ಣ ಕಂಪನಿಯೊಂದರ ತಟ್ಟೆ ಕಂಡೆ. ನೃತ್ಯಶಾಲೆಯಲ್ಲಿ ಕೇಳಿ ಮರುಳಾಗಿದ್ದ ಹಾಡು. ಮಾರುವವನು ಏಳು ಪೌಂಡು ಹೇಳಿದ. ಅದು ನನ್ನ ಒಂದು ವಾರದ ಊಟದ ಖರ್ಚು. ವಾರಪೂರ್ತಿ ಬ್ರೆಡ್ಡು, ಬೀನ್ಸ್ ತಿಂದುಕೊಂಡಿದ್ದು ಅದನ್ನು ಕೊಂಡೆ. ಓದು ಮುಗಿಸಿ ಊರಿಗೆ ಬಂದಾಗ ಪೆಟ್ಟಿಗೆಯಿಂದ ಮೂವತ್ತು ನಲವತ್ತು ತಟ್ಟೆಗಳು ಹೊರಬಂದವು. ಅಪ್ಪ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, 'ಏನಪ್ಪಾ, ಅಷ್ಟು ದೂರ ಹೋಗಿ ಬಂದು ಇದನ್ನ ತಂದ್ಯಾ?' ಎಂದರು. ಆಗ ಮನೆಯಲ್ಲಿ ಅದನ್ನು ನುಡಿಸುವ ಯಂತ್ರವೂ ಇರಲಿಲ್ಲ. ಏಳು ಪೌಂಡಿನ ಆ ತಟ್ಟೆಯನ್ನು ನಾನು ಮಾತ್ರ ಚಿನ್ನದಂತೆ ಕಾಪಾಡಿದೆ. ಮದುವೆಯಾಯಿತು, ಮನೆ ಬದಲಾಯಿತು, ಕೆಲಸ ಮಾಡುತ್ತಿದ್ದ ಗಿರಣಿ ಮುಚ್ಚಿ ಬೆಂಗಳೂರಿಗೆ ಬಂದದ್ದಾಯಿತು. ಅದು ಅಲ್ಮೆರಾದ ಮೇಲಿನ ಗೂಡಿನಲ್ಲೇ ಇತ್ತು. ಅದರ ಬೆಲೆ ವರ್ಷವರ್ಷ ಏರುತ್ತಿದ್ದುದನ್ನು ಮಾರಾಟಗಾರರ ಪಟ್ಟಿಗಳಲ್ಲಿ ನೋಡಿ ಒಳಗೊಳಗೇ ಬೀಗಿದೆ.

ಕೆಲವು ವರ್ಷಗಳ ಹಿಂದೆ ಮಾರಲು ಮನಸ್ಸು ಮಾಡಿದಾಗ ಕೊಳ್ಳುವವರು ಒಂದು ಫೋಟೊ ಕೇಳಿದರು. ಹಾಡು ಮುಗಿದ ಮೇಲೆ ಮುಳ್ಳು ಸುಮ್ಮನೆ ಸುತ್ತುವ ಬರಿಯ ಪಟ್ಟಿಯೊಂದು ತಟ್ಟೆಯಲ್ಲಿರುತ್ತದೆ. ಅಚ್ಚಿನ ಮನೆಯವರು ಅಲ್ಲಿ ಸಂಖ್ಯೆಯನ್ನೂ ತಮ್ಮ ಗುರುತನ್ನೂ ಒತ್ತಿರುತ್ತಾರೆ. ಅದೇ ತಟ್ಟೆಯ ಜಾತಕ. ನನ್ನದರಲ್ಲಿ ಒತ್ತಿದ ಗುರುತಿರಲಿಲ್ಲ. ಮೊಳೆಯಿಂದ ಗೀಚಿದಂಥ ಅಂಕಿಗಳಿದ್ದವು. 1970ರ ದಶಕದಲ್ಲಿ ಯಾರೋ ಕದ್ದು ಅಚ್ಚು ಹಾಕಿದ ನಕಲು ಅದು. ನಾಲ್ಕು ದಶಕ ಕಾಪಾಡಿದ್ದಕ್ಕೆ ಬೆಲೆ ಸೊನ್ನೆ.

ಆ ರಾತ್ರಿ ತಟ್ಟೆಯನ್ನು ಮತ್ತೆ ನುಡಿಸಿದೆ. ಅದೇ ದನಿ, ಅದೇ ತಾಳ, ವಿಗನ್‌ನಲ್ಲಿ ಕೇಳಿದ ಅದೇ ಹಾಡು. ಹಾಡಿನಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಹಾಗಾದರೆ ನಾನು ಇಷ್ಟು ವರ್ಷ ಬೆಲೆ ಕಟ್ಟುತ್ತಿದ್ದದ್ದು ಯಾವುದಕ್ಕೆ? ಮೋಸ ಹೋದ ಸಿಟ್ಟಿನಲ್ಲಿ ಕಳ್ಳಮುದ್ರಣದವನನ್ನು ಮನಸಾರೆ ಬೈದೆ. ಹಾಡಿದವರಿಗೆ ಒಂದು ಬಿಡಿಕಾಸೂ ಕೊಡದೆ ಹಣ ಮಾಡಿದ ದ್ರೋಹಿ ಎಂದೆ. ಹಾಗೆ ಬೈಯುವಾಗಲೇ ಹೊಳೆದದ್ದು: ನನ್ನ ತಟ್ಟೆ ಅಸಲಿಯಾಗಿದ್ದರೂ ಹಾಡಿದವರಿಗೆ ಸಿಗುತ್ತಿದ್ದದ್ದು ಅಷ್ಟೇ. ನಾನು ಅದನ್ನು ಸಾವಿರ ಪೌಂಡಿಗೆ ಮಾರಿ, ಕೊಂಡವನು ಎರಡು ಸಾವಿರಕ್ಕೆ ಮಾರಿದರೂ ಅವರ ಪಾಲು ಸೊನ್ನೆ. ಅಸಲಿ–ನಕಲಿಯ ಭೇದ ನಮಗೆ ಜೀವನ್ಮರಣದ ಪ್ರಶ್ನೆ. ಹಾಡಿದವರ ಜೇಬಿನ ಮಟ್ಟಿಗೆ ಎರಡೂ ಒಂದೇ.

ಇದು ಕೇವಲ ಭಾವುಕತೆಯ ಮಾತಲ್ಲ, ಕಾನೂನಿನ ಮಾತೂ ಹೌದು. ಚಿತ್ರಕಾರನ ಕೃತಿ ಮರುಮಾರಾಟವಾದಾಗ ಅವನಿಗೂ ಒಂದು ಪಾಲು ಸಲ್ಲಬೇಕೆಂಬ ತತ್ವವನ್ನು ಹಲವು ದೇಶಗಳು ಒಪ್ಪಿವೆ. ಬ್ರಿಟನ್ನಿನಲ್ಲಿ ಈ ಹಕ್ಕು 2006ರಿಂದ ಇದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 53ಎ ಕಲಮು ಕೂಡ ಇದನ್ನೇ ಹೇಳುತ್ತದೆ. ಚಿತ್ರ, ಶಿಲ್ಪ, ಸಾಹಿತ್ಯ ಅಥವಾ ಸಂಗೀತ ಕೃತಿಯ ಮೂಲ ಹಸ್ತಪ್ರತಿ 10 ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಕರ್ತೃವಿಗೆ ಶೇ 10ರವರೆಗೆ ಪಾಲು ಕೊಡಬಹುದು. ಅಂದರೆ ಹಾಡಿನ ಸ್ವರ ಬರೆದ ಹಾಳೆಗೆ ಹಕ್ಕುಂಟು. ಹಾಡಿದ ದನಿ ಹೊತ್ತ ತಟ್ಟೆಗಿಲ್ಲ. ತಟ್ಟೆ ಸಾವಿರಾರು ಪ್ರತಿಗಳಲ್ಲೊಂದು, ಮೂಲಕೃತಿಯಲ್ಲ ಎಂಬುದು ಇದರ ಹಿಂದಿನ ತರ್ಕ. ಐದಾರು ಪ್ರತಿ ಮಾತ್ರ ಉಳಿದು, ಒಂದೊಂದೂ ಚಿತ್ರಪಟದಂತೆ ಹರಾಜಾಗುವ ತಟ್ಟೆಗೆ ಈ ತರ್ಕ ಎಷ್ಟು ಹೊಂದುತ್ತದೆ?

ಅಮೆರಿಕದ ಸ್ಥಿತಿ ಇನ್ನೂ ವಿಚಿತ್ರ. ಅಲ್ಲಿ ಸಾಮಾನ್ಯ ಎಎಂ, ಎಫ್‌ಎಂ ರೇಡಿಯೊದಲ್ಲಿ ಹಾಡು ಬಂದರೆ ಅದನ್ನು ಬರೆದವರಿಗೆ ಹಣ ಸಲ್ಲುತ್ತದೆ, ಹಾಡಿದವರಿಗಿಲ್ಲ. ಇದನ್ನು ಸರಿಪಡಿಸಲು ಹಲವು ಬಾರಿ ಮಸೂದೆ ಮಂಡನೆಯಾದರೂ ಪ್ರಸಾರ ಸಂಸ್ಥೆಗಳ ವಿರೋಧದ ಮುಂದೆ ಬಿದ್ದುಹೋಗಿವೆ. ಗ್ಲೋರಿಯಾ ಜೋನ್ಸ್ ಉದಾಹರಣೆ ಸಾಕು. ಅವರು ಚಾಂಪಿಯನ್ ಎಂಬ ಸಣ್ಣ ಲೇಬಲ್ಲಿಗೆ ಹಾಡಿದ 'ಟೇಂಟೆಡ್ ಲವ್' 1965ರಲ್ಲಿ ತಟ್ಟೆಯ ಹಿಂಬದಿಯ ಹಾಡಾಗಿ ಬಂದು ಮಾಯವಾಗಿತ್ತು. ನಾರ್ದರ್ನ್ ಸೋಲ್ ಹುಡುಗರು ಅದನ್ನು ಎತ್ತಿ ಕುಣಿದರು. ಅಲ್ಲಿಂದ ಅದನ್ನು ಪಡೆದ ಸಾಫ್ಟ್ ಸೆಲ್ ಎಂಬ ಜೋಡಿ 1981ರಲ್ಲಿ ಮತ್ತೆ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಮರುಹಾಡಿನ ಗೌರವಧನ ಕಾನೂನಿನಂತೆ ಹೋಗುವುದು ಹಾಡು ಬರೆದ ಎಡ್ ಕಾಬ್ ಅವರ ಲೆಕ್ಕಕ್ಕೆ. ಆ ಹಾಡಿಗೆ ಮೊದಲು ಜೀವ ಕೊಟ್ಟ ದನಿಗೆ ಅದರಲ್ಲಿ ಹಕ್ಕಿಲ್ಲ. 2018ರ ಸಂಗೀತ ಸುಧಾರಣಾ ಕಾಯ್ದೆಯಿಂದ 1972ಕ್ಕೆ ಹಿಂದಿನ ಧ್ವನಿಮುದ್ರಣಗಳಿಗೂ ಡಿಜಿಟಲ್ ಪ್ರಸಾರದ ಗೌರವಧನ ಸಿಗುವಂತಾದದ್ದು ಒಂದು ಸಮಾಧಾನ. ಆ ಹೊತ್ತಿಗೆ ಈ ಗಾಯಕರಲ್ಲಿ ಎಷ್ಟೋ ಮಂದಿ ತೀರಿಹೋಗಿದ್ದರು.

ಸಂಗ್ರಾಹಕ ಮಿತ್ರರು ಇದಕ್ಕೆ ಕೊಡುವ ಉತ್ತರ ನನಗೆ ಗೊತ್ತಿದೆ. ಬೆಲೆಯ ಆಸೆ ಇಲ್ಲದಿದ್ದರೆ ಯಾರು ನೆಲಮಾಳಿಗೆಗೆ ಇಳಿಯುತ್ತಿದ್ದರು? ಗುಟ್ಟಿನ ರೋಮಾಂಚನ ಇಲ್ಲದಿದ್ದರೆ ಈ ಪಂಥವೇ ಇರುತ್ತಿತ್ತೇ? ನಾವು ಹುಡುಕಿದ್ದರಿಂದಲೇ ಎಷ್ಟೋ ಗಾಯಕರು ಇಳಿವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದು ತುಂಬಿದ ಸಭೆಯ ಮುಂದೆ ಹಾಡಲಿಲ್ಲವೇ? ಇವೆಲ್ಲ ನಿಜ. ಡೀನ್ ಪ್ಯಾರಿಷ್ ಬಂದು ಹಾಡಿದರು. ಎಡ್ವಿನ್ ಸ್ಟಾರ್ ಅಂತೂ ಇಂಗ್ಲೆಂಡಿನಲ್ಲೇ ನೆಲೆಸಿ 2003ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಆದರೆ ಅಲ್ಲೊಬ್ಬರು ಇಲ್ಲೊಬ್ಬರಿಗೆ ದೊರೆತ ಭಾಗ್ಯವನ್ನು ಎಲ್ಲರಿಗೂ ಸಂದ ನ್ಯಾಯವೆಂದು ಲೆಕ್ಕ ಹಾಕುವುದು ಸರಿಯಲ್ಲ. ತಟ್ಟೆ ಹುಡುಕಲು ಸಾಗರ ದಾಟಿದವರಿಗೆ ಗಾಯಕರ ವಿಳಾಸ ಹುಡುಕುವುದು ಅಸಾಧ್ಯವೇನೂ ಆಗಿರಲಿಲ್ಲ.

ಬೇರೆ ದಾರಿ ಇದೆಯೆಂಬುದನ್ನು ಕೆಲವರು ತೋರಿಸಿದ್ದಾರೆ. ಲಂಡನ್ನಿನ ಏಸ್ ಸಂಸ್ಥೆಯ ಕೆಂಟ್ ಲೇಬಲ್ 1982ರಿಂದ ಹಳೆಯ ಸೋಲ್ ಹಾಡುಗಳನ್ನು ಹಕ್ಕುದಾರರಿಂದ ಪರವಾನಗಿ ಪಡೆದು ಮರುಪ್ರಕಟಿಸುತ್ತ ಬಂದಿದೆ; ಯಾವ ಹಾಡು ಯಾರದು, ಎಲ್ಲಿ ಮುದ್ರಣವಾಯಿತು ಎಂಬ ವಿವರಗಳನ್ನೂ ಜೊತೆಗೆ ಅಚ್ಚಿಡುತ್ತದೆ. ಗೊಡಿನ್ ತಮ್ಮ ಕೊನೆಯ ವರ್ಷಗಳಲ್ಲಿ ಸಂಪಾದಿಸಿದ ಸಂಕಲನಗಳೂ ಅಲ್ಲಿಂದಲೇ ಬಂದವು. ಷಿಕಾಗೊದ ನ್ಯೂಮರೊ ಗ್ರೂಪ್ 2004ರಲ್ಲಿ ತನ್ನ ಮೊದಲ ಪ್ರಕಟಣೆಯಾಗಿ ಆರಿಸಿಕೊಂಡದ್ದು ಒಹಾಯೊ ರಾಜ್ಯದ ಕೊಲಂಬಸ್ ಊರಿನ ಕ್ಯಾಪ್‌ಸೋಲ್ ಎಂಬ ಮುಚ್ಚಿಹೋದ ಪುಟ್ಟ ಲೇಬಲ್ಲನ್ನು. ಅದನ್ನು ಕಟ್ಟಿದ ಬಿಲ್ ಮಾಸ್ ಅವರನ್ನೇ ಹುಡುಕಿ ಒಪ್ಪಂದ ಮಾಡಿಕೊಂಡು ಆ ಕೆಲಸ ನಡೆಯಿತು. ಮರೆತ ಲೇಬಲ್ಲುಗಳನ್ನು ಹೀಗೆ ಒಂದೊಂದಾಗಿ ಬೆಳಕಿಗೆ ತರುವುದೂ ಸಂಗ್ರಹವೇ. ಮುಚ್ಚಿಟ್ಟು ಬೆಲೆ ಏರಿಸುವ ಸಂಗ್ರಹಕ್ಕಿಂತ ಇದು ಕಷ್ಟದ್ದು, ಹೆಚ್ಚು ಘನತೆಯದ್ದು.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಅಪರೂಪದ ತಟ್ಟೆ ಇರುವವರು ಅದರ ಹಾಡನ್ನೂ ಲೇಬಲ್ಲಿನ ವಿವರವನ್ನೂ ಬಚ್ಚಿಡದೆ ಧ್ವನಿಭಂಡಾರಗಳಿಗೆ ಒದಗಿಸಲಿ. ಅಸಲಿ ತಟ್ಟೆ ಇದ್ದವರೂ ಪರವಾನಗಿ ಪಡೆದ ಮರುಪ್ರಕಟಣೆಯನ್ನು ಕೊಳ್ಳಲಿ. ಹಾಡಿದವರ ಕಡೆಗೆ ಹಣ ಹರಿಯಬಹುದಾದ ಕಾಲುವೆ ಅದೊಂದೇ. ದೊಡ್ಡ ಬೆಲೆಯ ಮಾರಾಟ ನಡೆದಾಗ, ಕಾನೂನು ಬರುವವರೆಗೆ ಕಾಯದೆ, ಮಾರಿದವರು ಒಂದು ಪಾಲನ್ನು ಹಾಡಿದವರಿಗೋ ಅವರ ಮಕ್ಕಳಿಗೋ ತಲುಪಿಸಲಿ. ನಮ್ಮ 53ಎ ಕಲಮಿನ ಗರಿಷ್ಠ ಮಿತಿಯಾದ ಹತ್ತನೇ ಒಂದು ಪಾಲು ಒಳ್ಳೆಯ ಅಳತೆ.

ಉಪದೇಶ ಮಾಡುವವನು ತಾನೇ ಮಾಡಿ ತೋರಿಸಬೇಕಲ್ಲವೇ? ನಕಲಿ ತಟ್ಟೆಯ ಪ್ರಸಂಗವಾದ ಮೇಲೆ ನನ್ನಲ್ಲಿದ್ದ ಇನ್ನೊಂದು ತಟ್ಟೆಯನ್ನು, ಅಸಲಿಯೆಂದು ಖಾತ್ರಿ ಮಾಡಿಕೊಂಡು, ಮಾರಿದೆ. ಅದನ್ನು ಹಾಡಿದ ಹೆಣ್ಣುಮಗಳು ಅಷ್ಟರಲ್ಲಿ ತೀರಿಹೋಗಿದ್ದರು. ಮರುಪ್ರಕಟಣೆಯ ಸಂಸ್ಥೆಯೊಂದರ ಮೂಲಕ ಅವರ ಮಗಳ ವಿಳಾಸ ದೊರೆಯಿತು. ಬಂದ ಹಣದ ಹತ್ತನೇ ಒಂದು ಪಾಲನ್ನು ಎರಡು ಸಾಲಿನ ಪತ್ರದೊಡನೆ ಕಳುಹಿಸಿದೆ. ಒಂದು ತಿಂಗಳ ಮೇಲೆ ಉತ್ತರ ಬಂದಿತು. ಹಣಕ್ಕೆ ಧನ್ಯವಾದ ಹೇಳಿ ಆಕೆ ಒಂದು ಕೋರಿಕೆ ಬರೆದಿದ್ದರು: ತಾಯಿಯ ಹೆಸರು ಅಚ್ಚಾಗಿದ್ದ ಆ ಲೇಬಲ್ಲನ್ನು ತಾವು ಎಂದೂ ಕಂಡಿಲ್ಲ, ಮನೆಯಲ್ಲಿ ಒಂದು ಪ್ರತಿಯೂ ಉಳಿದಿರಲಿಲ್ಲ, ಅದನ್ನೊಮ್ಮೆ ನೋಡಲು ಸಾಧ್ಯವೇ?

ತಟ್ಟೆ ಆಗಲೇ ಜಪಾನಿನ ಸಂಗ್ರಾಹಕರೊಬ್ಬರ ಕೈ ಸೇರಿತ್ತು. ಮಾರಾಟಕ್ಕೆಂದು ತೆಗೆದಿದ್ದ ಫೋಟೊ ನನ್ನ ಬಳಿ ಇತ್ತು, ಅದನ್ನೇ ಕಳುಹಿಸಿದೆ. ಮೊದಲು ವಿಳಾಸ ಹುಡುಕಿ, ಆಮೇಲೆ ಮಾರಬೇಕಿತ್ತು. ಈ ಲೇಖನ ಓದುವ ಸಂಗ್ರಾಹಕರು ಯಾರಾದರೂ ಇದ್ದರೆ, ಆ ಕ್ರಮವನ್ನು ತಪ್ಪಿಸದಿರಲಿ ಎಂದಷ್ಟೇ ನನ್ನ ಕೋರಿಕೆ.